ವಾಲಗದವರು ಬಿಕ್ಕಳಿಸಿದ ಕ್ಯಾಸೆಟ್

ನನ್ನ ಸೋದರಮಾವನ ಮದುವೆ ಆಗಿದ್ದು 1997ರಲ್ಲಿ. ಅದರ ವಿಎಚ್‌ಎಸ್ ಕ್ಯಾಸೆಟ್ ಅಂದಿನಿಂದ ನಮ್ಮ ಬೀರುವಿನಲ್ಲೇ ಇತ್ತು. ಮೂರು ಗಂಟೆಯದ್ದು. ಅದನ್ನು ಕಂಪ್ಯೂಟರಿಗೆ ಹಾಕಿಕೊಡು ಅಂತ ಅಮ್ಮ ಕೇಳಿ ಕೇಳಿ ಸಾಕಾಗಿದ್ದಳು. ಕೊನೆಗೆ ಗೆಳೆಯನ ಮನೆಯಿಂದ ವಿಸಿಆರ್ ಹೊತ್ತು ತಂದೆ. ಒಂದು ಯುಎಸ್‌ಬಿ ಕ್ಯಾಪ್ಚರ್ ಸ್ಟಿಕ್ ಕೊಂಡೆ, ವಿಸಿಆರ್‌ನಿಂದ ಬರುವ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಸಾಧನ ಅದು. ಲ್ಯಾಪ್‌ಟಾಪ್ ಹಳೆಯದೇ: ವಿಂಡೋಸ್ 10, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್.

ಮೊದಲ ಸಲ ಇಳಿಸಿದ್ದನ್ನು ಹಾಕಿ ನೋಡಿದೆವು. ಗಟ್ಟಿಮೇಳ ಶುರುವಾಗಿದ್ದೇ ತಡ, ನಾದಸ್ವರ ತುಂಡು ತುಂಡಾಯಿತು. ತಾಳಿ ಹಿಡಿದ ಮಾವ ಕಲ್ಲಿನ ಹಾಗೆ ನಿಂತ, ಮರುಕ್ಷಣ ನೋಡಿದರೆ ಕಟ್ಟಿ ಮುಗಿಸಿದ್ದ. "ಏನೋ ಇದು, ವಾಲಗದವರು ಬಿಕ್ಕಳಿಸ್ತಿದಾರೆ?" ಅಂದಳು ಅಮ್ಮ.

ಕ್ಯಾಪ್ಚರ್‌ಗೆ ಬಳಸಿದ ವರ್ಚುವಲ್‌ಡಬ್ ಸಾಫ್ಟ್‌ವೇರ್‌ನಲ್ಲಿ ಎಷ್ಟು ಫ್ರೇಮ್ (ವಿಡಿಯೋದ ಒಂದೊಂದು ಬಿಡಿ ಚಿತ್ರ) ಬಿಟ್ಟುಹೋಯಿತು ಅಂತ ಎಣಿಸುವ ಸಾಲು ಇರುತ್ತದೆ. ನಾನು ಅದರ ಕಡೆ ನೋಡಿಯೇ ಇರಲಿಲ್ಲ. ನೂರಾರು ಹೋಗಿದ್ದವು.

ಫೈಲ್ ಕಾಪಿ ಮಾಡುವಾಗ ಕಂಪ್ಯೂಟರ್ ಸುಸ್ತಾದರೆ ಸ್ವಲ್ಪ ತಡವಾಗುತ್ತದೆ, ಅಷ್ಟೇ. ಕ್ಯಾಸೆಟ್ ಹಾಗಲ್ಲ, ಅದು ಯಾರಿಗೂ ಕಾಯುವುದಿಲ್ಲ. ನಮ್ಮಲ್ಲಿ ಟಿವಿ, ವಿಡಿಯೋಗೆ ಇದ್ದ ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್, ಅಂದರೆ 40 ಮಿಲಿಸೆಕೆಂಡಿಗೆ ಒಂದು. 720 × 576 ಅಳತೆಯ ಚಿತ್ರವನ್ನು ಕುಗ್ಗಿಸದೆ ಬರೆದರೆ ಸೆಕೆಂಡಿಗೆ ಸುಮಾರು 20 ಎಂಬಿ, ಗಂಟೆಗೆ 75 ಜಿಬಿ. ಆ ಹೊತ್ತಿಗೆ ಡಿಸ್ಕ್ ಬೇರೆಯವರ ಕೆಲಸದಲ್ಲಿದ್ದರೆ ಫ್ರೇಮ್ ಹೋಯಿತು ಅಂತಲೇ ಲೆಕ್ಕ.

ಇದೆಲ್ಲ ಆಮೇಲೆ ಹೊಳೆದ ಬುದ್ಧಿ. ಮೊದಲು ಮಾಡಿದ್ದು ಶುದ್ಧ ಹುಚ್ಚಾಟ. ಯಾವ ಯಾವ ಪ್ರೋಗ್ರಾಮ್ ಓಡುತ್ತಿದೆ ಅಂತ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದು, ಹೆಸರು ಗೊತ್ತಿಲ್ಲದ್ದನ್ನೆಲ್ಲ ಒಂದೊಂದಾಗಿ ಮುಗಿಸುತ್ತಾ ಹೋದೆ. ಅದರಲ್ಲಿ ಧ್ವನಿಗೆ ಸಂಬಂಧಪಟ್ಟದ್ದೂ ಒಂದು ಇತ್ತು. ನಲವತ್ತು ನಿಮಿಷ ಇಳಿಸಿಕೊಂಡ ಮೇಲೆ ನೋಡಿದರೆ ಮೂಕಿ ಚಿತ್ರ. ಪುರೋಹಿತರು ಬಾಯಿ ಆಡಿಸುತ್ತಿದ್ದಾರೆ, ಮಂತ್ರವೇ ಇಲ್ಲ.

ರೀಸ್ಟಾರ್ಟ್ ಮಾಡಿ, ಈ ಸಲ ಏನನ್ನೂ ಮುಟ್ಟದೆ, ಕ್ಯಾಪ್ಚರ್ ನಡೆಯುವಾಗ ಸುಮ್ನೆ ನೋಡುತ್ತಾ ಕೂತೆ. ಸಿಪಿಯು ಮೂವತ್ತು ಪರ್ಸೆಂಟ್ ಆಸುಪಾಸಿನಲ್ಲಿ ಆರಾಮವಾಗಿತ್ತು. ಡಿಸ್ಕ್ ಮಾತ್ರ ನೂರಕ್ಕೆ ನೂರು. ನಾನು ಇಷ್ಟು ಹೊತ್ತು ತಪ್ಪು ಕಾಲಮ್ ನೋಡುತ್ತಿದ್ದೆ.

ರಿಸೋರ್ಸ್ ಮಾನಿಟರ್ ಅಂತ ಇನ್ನೊಂದಿದೆ, ಸ್ಟಾರ್ಟ್ ಮೆನುವಿನಲ್ಲಿ ಟೈಪ್ ಮಾಡಿದರೆ ಬರುತ್ತದೆ. ಅದರ ಡಿಸ್ಕ್ ಟ್ಯಾಬ್‌ನಲ್ಲಿ ಯಾವ ಪ್ರೋಗ್ರಾಮ್ ಯಾವ ಫೈಲನ್ನು ಓದುತ್ತಿದೆ, ಬರೆಯುತ್ತಿದೆ ಅಂತ ಹೆಸರು ಸಮೇತ ಕಾಣುತ್ತದೆ. ಅಲ್ಲಿ ನನ್ನ ಮದುವೆ ಫೈಲಿನ ಮೇಲೆ ಮೂರು ಜನ ಮುಗಿಬಿದ್ದಿದ್ದರು. ಆಂಟಿವೈರಸ್ ಅದನ್ನು ತಪಾಸಣೆ ಮಾಡುತ್ತಿತ್ತು. ಹುಡುಕಾಟಕ್ಕೆಂದು ಇಂಡೆಕ್ಸ್ ಮಾಡುವ ಸರ್ವಿಸ್ ಮೂಸಿ ನೋಡುತ್ತಿತ್ತು. ಕ್ಲೌಡ್ ಸಿಂಕ್ ಆಪ್ ಅದನ್ನು ಇಂಟರ್ನೆಟ್‌ಗೆ ಏರಿಸಲು ಹೊರಟಿತ್ತು. ತಪ್ಪು ಅವುಗಳದ್ದಲ್ಲ. ಆ ಮೂರೂ ಕಾವಲಿರುವ ವಿಡಿಯೋಸ್ ಫೋಲ್ಡರ್‌ನಲ್ಲೇ ಫೈಲ್ ಉಳಿಸಿದ್ದು ನಾನು. ಫೈಲ್ ಬೆಳೆದಂತೆಲ್ಲ ಮೂರೂ ಮತ್ತೆ ಮತ್ತೆ ಎದ್ದು ಬರುತ್ತಿದ್ದವು.

ಹಾಗಾಗಿ ದೊಡ್ಡ ಪರಿಹಾರ ಯಾವುದನ್ನೂ ಕೊಲ್ಲುವುದಾಗಿರಲಿಲ್ಲ, ಜಾಗ ಬದಲಿಸುವುದಾಗಿತ್ತು. ಡಿ ಡ್ರೈವ್‌ನಲ್ಲಿ ಹೊಸ ಫೋಲ್ಡರ್ ಮಾಡಿದೆ. ಆಂಟಿವೈರಸ್ಸನ್ನು ಪೂರ್ತಿ ಆರಿಸದೆ, ಆ ಒಂದು ಫೋಲ್ಡರ್ ಮಾತ್ರ ಬಿಟ್ಟುಬಿಡು ಅಂತ ಎಕ್ಸ್‌ಕ್ಲೂಷನ್ ಪಟ್ಟಿಗೆ ಸೇರಿಸಿದೆ. ಇಂಡೆಕ್ಸ್ ಪಟ್ಟಿಯಲ್ಲಿ ಅದು ಇಲ್ಲ ಅಂತ ನೋಡಿಕೊಂಡೆ. ವೈಫೈ ಆರಿಸಿದೆ, ಸಿಂಕ್ ಆಗಲಿ, ಅಪ್‌ಡೇಟ್ ಡೌನ್‌ಲೋಡ್ ಆಗಲಿ ಅಲ್ಲಿಗೇ ನಿಂತವು. ಬ್ರೌಸರ್ ಪೂರ್ತಿ ಮುಚ್ಚಿದೆ. 4 ಜಿಬಿಯಲ್ಲಿ ಅದೊಂದೇ ಅರ್ಧ ತಿನ್ನುತ್ತಿತ್ತು. ರ‍್ಯಾಮ್ ಸಾಲದೆ ಹೋದರೆ ವಿಂಡೋಸ್ ಹೋಗಿ ತಟ್ಟುವುದು ಅದೇ ಡಿಸ್ಕಿನ ಬಾಗಿಲನ್ನು, ಅಲ್ವಾ.

ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಟ್ಯಾಬ್‌ನಲ್ಲಿ ಪ್ರಿಂಟರ್, ಚಾಟ್, ಗೇಮ್‌ಗೆ ಸಂಬಂಧಪಟ್ಟವನ್ನು ಡಿಸೇಬಲ್ ಮಾಡಿದೆ. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸ್, ಚಾರ್ಜರ್ ಸಿಕ್ಕಿಸಿಯೇ ಕೆಲಸ. ಹೆಚ್ಚು ಬಳಸುವ ಪ್ರೋಗ್ರಾಮ್‌ಗಳನ್ನು ಮೊದಲೇ ರ‍್ಯಾಮ್‌ಗೆ ತುಂಬಿಡುವ ಸಿಸ್‌ಮೇನ್ ಸರ್ವಿಸ್ ನಿಲ್ಲಿಸಿ ನೋಡಿದೆ, ನನಗಂತೂ ವ್ಯತ್ಯಾಸ ಕಾಣಲಿಲ್ಲ. ಒಂದೇ ಕ್ಲಿಕ್‌ನಲ್ಲಿ ಕಂಪ್ಯೂಟರ್ ವೇಗ ಮಾಡುತ್ತೇವೆ ಅನ್ನುವ ಸಾಫ್ಟ್‌ವೇರ್‌ಗಳ ಸಹವಾಸ ಬೇಡ. ಅವೂ ಹಿನ್ನೆಲೆಯಲ್ಲಿ ಬಂದು ಕೂರುವವೇ.

ಕ್ಯಾಪ್ಚರ್ ಮಾಡುತ್ತಲೇ ಎಂಪಿ4 ಮಾಡುವ ಆಸೆಯನ್ನೂ ಬಿಟ್ಟೆ. ಹಫ್‌ವೈಯುವಿ ಕೋಡೆಕ್ (ಚಿತ್ರವನ್ನು ಸ್ವಲ್ಪ ಅಡಕ ಮಾಡಿ ಬರೆಯುವ ವಿಧಾನ) ಸಿಪಿಯುಗೆ ಹಗುರ, ಗುಣಮಟ್ಟ ಹಾಳಾಗುವುದಿಲ್ಲ, ಡಿಸ್ಕಿನ ಹೊರೆಯೂ ಅರ್ಧದಷ್ಟಕ್ಕೆ ಇಳಿಯುತ್ತದೆ. ಎಂಪಿ4 ಆಗಿ ಇನ್ನೂ ಕುಗ್ಗಿಸುವ ಕೆಲಸ ರಾತ್ರಿ ಮಲಗುವಾಗ ಹಚ್ಚಿದರಾಯಿತು.

ಬಿಟ್ಟುಹೋಗುವ ಫ್ರೇಮ್ ನೂರಾರು ಇದ್ದದ್ದು ಹನ್ನೊಂದಕ್ಕೆ ಇಳಿಯಿತು. ಆ ಹನ್ನೊಂದು ಮಾತ್ರ ಏನು ಮಾಡಿದರೂ ಹೋಗಲೊಲ್ಲವು. ಕ್ಯಾಸೆಟ್ ಹಿಂದೆ ಸುತ್ತಿ ಅದೇ ಭಾಗವನ್ನು ಮತ್ತೆರಡು ಸಲ ಇಳಿಸಿದೆ. ಪ್ರತಿ ಸಲವೂ ಅದೇ ಜಾಗ, ಆರತಕ್ಷತೆಗೆ ಮುಂಚೆ. ಅಲ್ಲಿಗೆ ಗೊತ್ತಾಯಿತು. ಕಂಪ್ಯೂಟರಿನ ತಪ್ಪಾದರೆ ಫ್ರೇಮ್ ಒಂದೊಂದು ಸಲ ಒಂದೊಂದು ಕಡೆ ಹೋಗುತ್ತದೆ. ಒಂದೇ ಕಡೆ ಹೋಗುತ್ತಿದ್ದರೆ ತೊಂದರೆ ಟೇಪಿನಲ್ಲೇ ಇರಬೇಕು, ಸುಕ್ಕಾದ ಕಡೆ ಸಿಗ್ನಲ್ ತಡವರಿಸುತ್ತದೆ. ಇದನ್ನು ಮೊದಲೇ ಪರೀಕ್ಷಿಸಿದ್ದರೆ ಎರಡು ಸಂಜೆ ಉಳಿಯುತ್ತಿತ್ತು. ಹಳೆಯ ಡಿವಿಡಿ ರೆಕಾರ್ಡರ್ ಒಂದನ್ನು ಮಧ್ಯದಲ್ಲಿ ಸಿಕ್ಕಿಸಿ, ಅದರ ಮೂಲಕ ಸಿಗ್ನಲ್ ಹಾಯಿಸಿದೆ. ಅದು ತಡವರಿಸುವ ಸಿಗ್ನಲ್ಲನ್ನು ತಿದ್ದಿ ಕಳಿಸಿದ್ದರಿಂದ ಹನ್ನೊಂದು ಹೋಗಿ ಎರಡಾಯಿತು.

ಎಲ್ಲ ಮುಗಿದ ಮೇಲೆ ಆ ಫೋಲ್ಡರನ್ನು ಎಕ್ಸ್‌ಕ್ಲೂಷನ್ ಪಟ್ಟಿಯಿಂದ ತೆಗೆದು, ವೈಫೈ ಹಾಕಿದೆ. ಅಮ್ಮ ಮೂರು ಗಂಟೆಯೂ ಎದ್ದು ಹೋಗದೆ ನೋಡಿದಳು. ಗಟ್ಟಿಮೇಳ ಈಗ ಒಂದೇ ಉಸಿರಿಗೆ ಬಂತು. "ಆಗ್ಲೂ ಅವನು ಹೀಗೇ ಅಪಸ್ವರ ಊದಿದ್ದ ಕಣೋ" ಅಂದಳು.