ಓಮದೆಣ್ಣೆಯಿಂದ ಬ್ರಾಯ್ಲರ್: ಫೀಡ್‌ನಲ್ಲಿ ಆ್ಯಂಟಿಬಯೋಟಿಕ್ ಬಿಟ್ಟ ನನ್ನ ಅನುಭವ

2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ಕನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡದಂತೆ ನಿಷೇಧಿಸಿದಾಗ ಹೊಸಕೋಟೆ ಸುತ್ತಮುತ್ತ ನನಗೆ ಗೊತ್ತಿದ್ದ ಕೋಳಿ ಸಾಕಣೆದಾರರಲ್ಲಿ ಹೆಚ್ಚಿನವರು ಮೇವಿಗೆ ಬೆರೆಸುವ ಬೇರೊಂದು ಆ್ಯಂಟಿಬಯೋಟಿಕ್ ಮಿಶ್ರಣ (ಪ್ರೀಮಿಕ್ಸ್) ಹಾಕಿಸಿಕೊಂಡು ಸುಮ್ಮನಾದರು. ಗಿಡಮೂಲಿಕೆಯ ಸಾರದಲ್ಲೇ ಬ್ಯಾಚ್ ತೆಗೆಯುತ್ತೇನೆ ಎಂದು ನಾನು ಹೇಳಿದಾಗ, ಫೀಡ್ ಮಿಲ್ಲಿನವರಿಂದ ಮರಿ ಕೊಡುವವರವರೆಗೆ ಎಲ್ಲರೂ ಮೂರನೇ ವಾರಕ್ಕೆ ಕರುಳಿನ ರೋಗ ಬಂದು ಶೆಡ್ ಖಾಲಿಯಾಗುತ್ತದೆ ಎಂದರು.

ಮೊದಲು ಬೆಳ್ಳುಳ್ಳಿ, ಅರಿಸಿನ, ಬೇವಿನ ಸೊಪ್ಪಿನ ಪುಡಿಗಳನ್ನು ಬೆರೆಸಿ ನೋಡಿದೆ. ಬೇವು ಟನ್ನಿಗೆ ಐದು ಕಿಲೋ ದಾಟಿದೊಡನೆ ಕಹಿಗೆ ಮರಿಗಳು ಮೇವನ್ನೇ ಕಡಿಮೆ ಮಾಡಿದವು. ತೂಕ ಇನ್ನೂರು ಗ್ರಾಂನಷ್ಟು ಕುಸಿಯಿತು. ಬಳಿಕ ಥೈಮಾಲ್ ಇರುವ ಓಮದೆಣ್ಣೆ, ಯೂಜಿನಾಲ್ ಇರುವ ಲವಂಗದೆಣ್ಣೆಗಳಿಗೆ ಬಂದೆ. ಅವನ್ನು ಪೆಲೆಟ್‌ಗೆ, ಅಂದರೆ ಬಿಸಿ ಹಬೆ ಹಾಯಿಸಿ ಒತ್ತಿದ ಗುಳಿಗೆ ಮೇವಿಗೆ, ಸೇರಿಸಿದ ದಿನ ಹಬೆಯಲ್ಲಿ ಮಿಲ್ಲಿನ ತುಂಬ ಓಮದ ಘಾಟು ಹಬ್ಬಿತ್ತು, ಆದರೆ ಶೆಡ್‌ನಲ್ಲಿ ಚೀಲ ಬಿಚ್ಚಿದರೆ ಬರೀ ಮೆಕ್ಕೆಜೋಳದ ವಾಸನೆ! ಎಣ್ಣೆಗೆ ಸುರಿದ ಮೂವತ್ತು ಸಾವಿರದಷ್ಟು ಹಣ ಗಾಳಿಗೆ ಹೋಯಿತು.

ಅಂದಿನಿಂದ ಹಬೆಯಿಲ್ಲದೆ ಬರೀ ಪುಡಿಮಾಡಿದ ಮೇವು, ಅಂದರೆ ಮ್ಯಾಶ್ ಮಾತ್ರ ಬಳಸುತ್ತೇನೆ. ಎಣ್ಣೆಯನ್ನು ಒಣ ಪುಡಿಯೊಂದಕ್ಕೆ ಹೀರಿಸಿ, ವಾರಕ್ಕೆ ಬೇಕಾದಷ್ಟನ್ನೇ ಬೆರೆಸುತ್ತೇನೆ. ಎರಡೂ ಎಣ್ಣೆ ಸೇರಿ ಟನ್ನಿಗೆ ಸುಮಾರು 150 ಗ್ರಾಂ, ಜೊತೆಗೆ ಎರಡು ಮೂರು ಕಿಲೋ ಅರಿಸಿನ. ಆ ಪುಡಿ ಯಾವುದು, ಎಣ್ಣೆಗಳ ಪಾಲು ಎಷ್ಟೆಷ್ಟು ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಉಳಿಸಿಕೊಳ್ಳುತ್ತೇನೆ. ಆ್ಯಂಟಿಬಯೋಟಿಕ್ಕನ್ನು ಒಮ್ಮೆಲೇ ನಿಲ್ಲಿಸದೆ ಮೊದಲು ಕೊನೆಯ ಹಂತದ ಮೇವಾದ ಫಿನಿಷರ್‌ನಿಂದ, ಆಮೇಲೆ ನಡುವಿನ ಸ್ಟಾರ್ಟರ್‌ನಿಂದ, ಕೊನೆಗೆ ಎಳೆಮರಿಗಳ ಪ್ರೀ-ಸ್ಟಾರ್ಟರ್‌ನಿಂದ ತೆಗೆದೆ. ಕರುಳಿನ ಪರೋಪಜೀವಿಯಾದ ಕಾಕ್ಸಿಡಿಯಾಕ್ಕೆ ಹಾಕುವ ಡೈಕ್ಲಾಜುರಿಲ್ ಎಂಬ ಔಷಧ ಈಗಲೂ ಇದೆ, ಏಕೆಂದರೆ ಅಲ್ಲಿ ಗಿಡಮೂಲಿಕೆಯೊಂದನ್ನೇ ನಂಬಿ ಕೂರುವ ಧೈರ್ಯ ನನಗಿಲ್ಲ. ಹಕ್ಕಿಗೆ ಕೊಡುವ ಜಾಗವನ್ನೂ ಒಂದು ಚದರಡಿಯಿಂದ ಒಂದೂಕಾಲಿಗೆ ಏರಿಸಿದೆ.

ನಡುವೆ ನೆಲನೆಲ್ಲಿಯ ಕಷಾಯವನ್ನು ಕುಡಿಯುವ ನೀರಿಗೂ ಬಿಟ್ಟು ನೋಡಿದ್ದೆ. ಲೈನಿನೊಳಗೆ ಲೋಳೆ ಕಟ್ಟಿ ಹಕ್ಕಿಗಳು ನೀರು ಕುಡಿಯುವ ನಿಪ್ಪಲ್‌ಗಳು ಮುಚ್ಚಿಕೊಂಡವು. ಹಾಗಾಗಿ ಅದನ್ನು ಕೈಬಿಟ್ಟು, ನೀರಿಗೆ ಸಿಟ್ರಿಕ್ ಆಮ್ಲವನ್ನಷ್ಟೇ ಇಟ್ಟುಕೊಂಡಿದ್ದೇನೆ.

ಶೆಡ್‌ನ ಮಧ್ಯೆ ಜಾಲರಿ ಕಟ್ಟಿ ಒಂದು ಕಡೆ ಹಳೆಯ ಫೀಡ್, ಇನ್ನೊಂದು ಕಡೆ ನನ್ನದು ಹಾಕಿ ಹೋಲಿಸಿದೆ. 40ನೇ ದಿನಕ್ಕೆ ಎರಡೂ ಕಡೆ ತೂಕ ಎರಡು ಕಿಲೋ ದಾಟಿತ್ತು, ಸಾವು ನಾಲ್ಕು ಶೇಕಡಾದ ಆಸುಪಾಸಿನಲ್ಲಿತ್ತು, ಎಫ್‌ಸಿಆರ್ (ಒಂದು ಕಿಲೋ ತೂಕ ಬರಲು ತಿಂದ ಮೇವಿನ ಕಿಲೋ) ನನ್ನ ಕಡೆ 1.68, ಆ ಕಡೆ 1.65ರಷ್ಟು. ಫೀಡ್‌ಗೆ ಕಿಲೋಗೆ ಐವತ್ತು ಪೈಸೆ ಹೆಚ್ಚು ಬೀಳುತ್ತದೆ. ಆದರೆ ನಡುವೆ ಕೊಡುತ್ತಿದ್ದ ಔಷಧದ ಖರ್ಚು ಅರ್ಧಕ್ಕಿಳಿದಿದ್ದರಿಂದ ಲೆಕ್ಕ ಸರಿಹೋಗಿದೆ. ಅಂದು ಭವಿಷ್ಯ ನುಡಿದವರಲ್ಲೇ ಇಬ್ಬರು ಈಗ ನನ್ನ ಮಿಶ್ರಣವನ್ನು ಒಯ್ಯುತ್ತಿದ್ದಾರೆ.