ಸ್ಟೋಕ್ ಕ್ಲಬ್ಬಿನ ಮೊದಲ ದಿನಗಳನ್ನು ಪಿಂಗಾಣಿ ಊರಿನ ಜೊತೆಗಿಟ್ಟು ಓದುವುದು ಹೇಗೆ?

ಇಂಗ್ಲೆಂಡಿನ ಸ್ಟೋಕ್ ಸಿಟಿ ಫುಟ್‌ಬಾಲ್ ಕ್ಲಬ್ಬಿಗೆ 'ಪಾಟರ್ಸ್', ಅಂದರೆ ಕುಂಬಾರರು, ಅಂತ ಅಡ್ಡಹೆಸರು. ಹಾಗಾಗಿ ಕುಂಬಾರರೇ ಕಟ್ಟಿದ ಕ್ಲಬ್ ಅಂತ ನಂಬಿಬಿಡುವುದು ಸುಲಭ. ಮೊದಲು ಆ ನಂಬಿಕೆ ಪಕ್ಕಕ್ಕಿಡಿ. ಕ್ಲಬ್ ಹೇಳಿಕೊಂಡು ಬಂದ ಕಥೆಯಲ್ಲೇ ಕುಂಬಾರರಿಲ್ಲ: 1863ರಲ್ಲಿ ನಾರ್ತ್ ಸ್ಟಾಫರ್ಡ್‌ಶೈರ್ ರೈಲ್ವೆಯಲ್ಲಿ ಕೆಲಸ ಕಲಿಯುತ್ತಿದ್ದ, ಚಾರ್ಟರ್‌ಹೌಸ್ ಶಾಲೆಯಲ್ಲಿ ಓದಿದ್ದ ಹುಡುಗರು ಶುರು ಮಾಡಿದರು ಅನ್ನುತ್ತದೆ ಅದು. ಅದಕ್ಕೂ ಗಟ್ಟಿ ಆಧಾರ ಇಲ್ಲ. ದಾಖಲೆಯಲ್ಲಿ ಸಿಗುವ ಮೊದಲ ಪಂದ್ಯ 1868ರದ್ದು, ಆಗ ಹೆಸರು ಸ್ಟೋಕ್ ರ್ಯಾಂಬ್ಲರ್ಸ್. ಕ್ಲಬ್ ಹೇಳುವ ವರ್ಷ, ದಾಖಲೆ ಹೇಳುವ ವರ್ಷ, ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ.

ಆಮೇಲೆ ನಕ್ಷೆ ನೋಡಿ. ಟನ್‌ಸ್ಟಾಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಅಂತ ಪಿಂಗಾಣಿ ಕೆಲಸದ ಆರು ಊರು. ಅವು ಸ್ಟೋಕ್-ಆನ್-ಟ್ರೆಂಟ್ ಅಂತ ಒಂದಾಗಿದ್ದು 1910ರಲ್ಲಿ, ನಗರದ ಪಟ್ಟ ಸಿಕ್ಕಿದ್ದು 1925ರಲ್ಲಿ. ಕ್ಲಬ್ಬಿನ ಹೆಸರಿಗೆ 'ಸಿಟಿ' ಸೇರಿದ್ದೂ ಆಗಲೇ. 1910ಕ್ಕೂ ಹಿಂದಿನ ಪತ್ರಿಕೆಯಲ್ಲಿ 'ಸ್ಟೋಕ್' ಅಂತ ಕಂಡರೆ ಅದು ಆರರಲ್ಲಿ ಒಂದು ಊರು ಮಾತ್ರ. ಬರ್ಸ್ಲೆಮ್‌ನ ಜನಕ್ಕೆ ಪೋರ್ಟ್ ವೇಲ್ ಅಂತ ತಮ್ಮದೇ ಕ್ಲಬ್ ಇತ್ತಲ್ವಾ!

ಈಗ ಕೆಲಸದ ಕಡೆಗೆ ಬನ್ನಿ, ಇಲ್ಲಿ ಜಾಸ್ತಿ ಹೊತ್ತು ಕೂತರೆ ನಷ್ಟವಿಲ್ಲ. ಪಿಂಗಾಣಿ ಉದ್ಯಮಿ ಜೋಸಾಯಾ ವೆಜ್‌ವುಡ್ ಇಲ್ಲಿ ಎಟ್ರೂರಿಯಾ ಕಾರ್ಖಾನೆ ತೆರೆದಿದ್ದು 1769ರಲ್ಲಿ, ಸರಕು ಸಾಗಿಸುವ ಟ್ರೆಂಟ್ ಮತ್ತು ಮರ್ಸಿ ಕಾಲುವೆ ಮುಗಿದಿದ್ದು 1777ರಲ್ಲಿ. ಕಲ್ಲಿದ್ದಲು ಅಲ್ಲೇ ಸಿಗುತ್ತಿತ್ತು, ಬಿಳಿ ಜೇಡಿ ಕಾರ್ನ್‌ವಾಲ್‌ನಿಂದ ಬರುತ್ತಿತ್ತು. ಆದರೆ ಫುಟ್‌ಬಾಲಿಗೆ ಮುಖ್ಯವಾದ ವರ್ಷ 1864. ಕೆಲಸದ ಹೊತ್ತಿಗೆ ಮಿತಿ ಹಾಕುವ ಕಾರ್ಖಾನೆ ಕಾನೂನು ಪಿಂಗಾಣಿ ಕೆಲಸಕ್ಕೂ ಬಂದದ್ದು ಆಗ. ಯಾರಿಗೆ ಶನಿವಾರ ಮಧ್ಯಾಹ್ನ ಬಿಡುವು ಸಿಗುತ್ತಿತ್ತು ಅಂತ ಪ್ರತಿ ಕಸುಬಿಗೂ ಬೇರೆಯಾಗಿ ಕೇಳಿಕೊಳ್ಳಿ. ಬಾಟಲಿಯಾಕಾರದ ಆ ದೊಡ್ಡ ಆವಿಗೆಗಳು ಎರಡು ಮೂರು ದಿನ ಸತತ ಉರಿಯಬೇಕಿತ್ತು, ಬೆಂಕಿ ನೋಡಿಕೊಳ್ಳುವವನು ಪಂದ್ಯ ಇದೆ ಅಂತ ಎದ್ದು ಹೋಗುವ ಹಾಗಿರಲಿಲ್ಲ. ಕೂಲಿ ಲೆಕ್ಕವನ್ನೂ ನೋಡಿ. ಎಷ್ಟೋ ಕಡೆ ಆವಿಗೆಯಿಂದ ಚೆನ್ನಾಗಿ ಹೊರಬಂದ ಮಾಲಿಗಷ್ಟೇ ದುಡ್ಡು. ಬೇರೆಯವನ ತಪ್ಪಿನಿಂದ ಒಡೆದರೂ ಪಾತ್ರೆ ಮಾಡಿದವನಿಗೇ ನಷ್ಟ! ಇದು ನನಗೆ ದೊಡ್ಡ ಅನ್ಯಾಯವಾಗಿಯೇ ಕಾಣುತ್ತದೆ.

ಪತ್ರಿಕೆ ಬೇಕಾದರೆ 1854ರಲ್ಲಿ ಶುರುವಾದ ಸ್ಟಾಫರ್ಡ್‌ಶೈರ್ ಸೆಂಟಿನೆಲ್ ಹಿಡಿಯಿರಿ. ಪಂದ್ಯದ ವರದಿ ಓದಿ ಸುಮ್ನೆ ಮುಚ್ಚಿಡಬೇಡಿ, ಅದೇ ವಾರ ವ್ಯಾಪಾರ ಹೇಗಿತ್ತು, ಮುಷ್ಕರ ಇತ್ತಾ ಅಂತಲೂ ನೋಡಿ.

1888ರಲ್ಲಿ ಹನ್ನೆರಡು ಕ್ಲಬ್ ಸೇರಿ ಫುಟ್‌ಬಾಲ್ ಲೀಗ್ ಕಟ್ಟಿದಾಗ ಸ್ಟೋಕ್ ಕೂಡ ಅದರಲ್ಲಿತ್ತು. ಲೀಗಿನ ಮೊದಲ ಕಾರ್ಯದರ್ಶಿ ಸ್ಟೋಕ್ ಕ್ಲಬ್ಬಿನ ಹ್ಯಾರಿ ಲಾಕೆಟ್. ಮೊದಲ ಎರಡು ವರ್ಷವೂ ಸ್ಟೋಕ್ ಕೊನೇ ಸ್ಥಾನದಲ್ಲಿ ನಿಂತಿತು, 1890ರಲ್ಲಿ ಜಾಗ ಕಳೆದುಕೊಂಡಿತು, ಮರುವರ್ಷ ವಾಪಸ್ ಬಂತು. ಪೋರ್ಟ್ ವೇಲ್ 1907ರಲ್ಲಿ, ಸ್ಟೋಕ್ 1908ರಲ್ಲಿ ಲೀಗ್ ಬಿಟ್ಟವು. ಎರಡೂ ಮರಳಿದ್ದು 1919ರಲ್ಲಿ. ಇದಕ್ಕೆಲ್ಲ ಪಿಂಗಾಣಿ ವ್ಯಾಪಾರ ಬಿದ್ದದ್ದೇ ಕಾರಣ ಅಂತ ಅವಸರದಲ್ಲಿ ಬರೆಯಬೇಡಿ. ಅಕ್ಕಪಕ್ಕದ ಊರುಗಳ ಜನರನ್ನೇ ಎರಡು ಕ್ಲಬ್ ಹಂಚಿಕೊಳ್ಳಬೇಕಿತ್ತು.

ಕೊನೆಗೆ ಆಟಗಾರರ ಕಸುಬು ಹುಡುಕಿ. 1881 ಮತ್ತು 1891ರ ಜನಗಣತಿಯಲ್ಲಿ ಹೆಸರಿನ ಪಕ್ಕದಲ್ಲೇ ಕೆಲಸ ಬರೆದಿರುತ್ತದೆ. ಒಂದೇ ಹೆಸರಿನವರು ಬಹಳ ಸಿಗುತ್ತಾರೆ, ಆದ್ದರಿಂದ ವಯಸ್ಸು, ಬೀದಿ ಎರಡೂ ಹೊಂದಿದರೆ ಮಾತ್ರ ಇವನು ಕುಂಬಾರ ಅಂತ ಬರೆಯಿರಿ.