ಹಳೆ ಸೀರೆಯ ಕೌದಿ: ನಡುವೆ ಉಬ್ಬದಂತೆ ಹೊಲಿಯುವುದು ಹೇಗೆ?

ಮೊದಲ ಸಲ ಕೌದಿ ಹೊಲಿದವರು ಹಾಸಿ ತೋರಿಸುತ್ತಾರೆ. ನೋಡಿದರೆ ನಡುವೆ ಹಪ್ಪಳದ ಹಾಗೆ ಉಬ್ಬಿರುತ್ತದೆ. ಹೊಲಿಗೆ ಬರಲ್ಲ ಅಂತಲ್ಲ, ಪದರ ಹಾಸುವಾಗ ಅವಸರ ಮಾಡಿರುತ್ತಾರೆ.

1. ಬಟ್ಟೆ. ಒಬ್ಬರ ಕೌದಿಗೆ ಎರಡು ಹತ್ತಿ ಸೀರೆ ಸಾಕು. ಮೇಲಿನ ತೇಪೆಗೆ ಹಳೆ ಅಂಗಿ, ಲುಂಗಿ, ಲಂಗ. ಒಂದು ಹತ್ತಿ ಅಂಗಿ ತಯಾರಾಗಲು ಸುಮಾರು 2,700 ಲೀಟರ್ ನೀರು ಬೇಕು ಅನ್ನುವ ಲೆಕ್ಕವಿದೆ. ಕಾಲರ್ ಸವೆದರೂ ಬೆನ್ನಿನ ಭಾಗ ಗಟ್ಟಿಯಾಗೇ ಇರುತ್ತದೆ, ಕಸದ ಗಾಡಿಗೆ ಯಾಕೆ ಹಾಕಬೇಕು? ಪಾಲಿಯೆಸ್ಟರ್ ಮಾತ್ರ ಬೇಡವೇ ಬೇಡ. ಬೆವರು ಹೀರಲ್ಲ, ಪದರ ಜಾರುತ್ತದೆ, ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳನ್ನು ನೀರಿಗೆ ಬಿಡುತ್ತದೆ.

2. ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಹೊಸ ಬಟ್ಟೆ ಸೇರಿಸಬೇಡಿ. ಅದು ಮೊದಲ ಒಗೆತಕ್ಕೇ ಕುಗ್ಗಿ ಅಕ್ಕಪಕ್ಕದ್ದನ್ನೂ ಎಳೆಯುತ್ತದೆ.

3. ಹಾಸುವುದು. ಮಂಚದ ಮೇಲೆ ಆಗದು, ನೆಲವೇ ಬೇಕು. ಸೆರಗನ್ನು ಇನ್ನೊಂದು ತುದಿಗೆ ತಂದು ಸೀರೆ ಮಡಚಿ ಹಾಸಿ. ನಾಲ್ಕು ಮೂಲೆಗೆ ನೀರು ತುಂಬಿದ ತಂಬಿಗೆ ಇಡಿ. ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರಿ. ಸವರಬೇಕು, ಎಳೆಯಬಾರದು. ಎಳೆದ ಬಟ್ಟೆ ಹೊಲಿದ ಮೇಲೆ ಮತ್ತೆ ಮುದುಡಿಕೊಳ್ಳುತ್ತದೆ, ಆ ಉಬ್ಬು ಬರುವುದೇ ಹಾಗೆ. ಎರಡನೆಯ ಸೀರೆಯೂ ಹೀಗೇ. ಆಮೇಲೆ ನಡುವಿನಿಂದ ನಾಲ್ಕೂ ದಿಕ್ಕಿಗೆ ಉದ್ದುದ್ದ ಕಚ್ಚಾ ಹೊಲಿಗೆ, ಅಂದರೆ ಕೊನೆಗೆ ಬಿಚ್ಚುವ ತಾತ್ಕಾಲಿಕ ಹೊಲಿಗೆ, ಹಾಕಿ. ಗೇಣಿಗೊಂದು ಸಾಲು ಇರಲಿ, ದಾರ ಸಡಿಲವಾಗಿರಲಿ. ಇದಕ್ಕೇ ಅರ್ಧ ದಿನ ಹೋಗುತ್ತದೆ, ಹೋಗಲಿ. ಗುಂಡುಸೂಜಿ ಚುಚ್ಚಿದರೆ ಸಾಲದೇ ಅಂತ ಕೇಳುತ್ತಾರೆ. ಮೊಣಕಾಲಿಗೆ ಚುಚ್ಚಿದಾಗ ಉತ್ತರ ಸಿಗುತ್ತದೆ.

4. ಅಂಚು ಒಳಗೆ ಮಡಚಿ, ತೇಪೆ ಜೋಡಿಸಿ. ಬಣ್ಣ ನಿಮ್ಮಿಷ್ಟ. ಕಡುಗೆಂಪು ಇದ್ದರೆ ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಬೇಡ.

5. ಹೊಲಿಗೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು (ಆಫ್ರಿಕಾ ಮೂಲದ ಸಮುದಾಯದವರು) ಮೂಲೆಯಿಂದ ಶುರುಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ಬಟ್ಟೆ ಮಡಚಿ ಮಾಡಿದ ‘ಫುಲ’ ಇಡುತ್ತಾರೆ. ಅದಿಲ್ಲದ ಕೌದಿ ಬೆತ್ತಲೆ ಅನ್ನುವುದು ಅವರ ಮಾತು. ಅವರ ಪಳಗಿದ ಕೈ ನಮ್ಮದಲ್ಲ, ಕಚ್ಚಾ ಹೊಲಿಗೆ ಇದ್ದರೆ ನಾವೂ ಹಾಗೇ ಸುತ್ತಬಹುದು. ಸಾಲುಗಳ ನಡುವೆ ಒಂದು ಬೆರಳು ಜಾಗ ಬಿಡಿ. ದಪ್ಪ ಹತ್ತಿ ದಾರವೇ ಆಗಬೇಕು. ಮಿರಮಿರ ಮಿಂಚುವ ನೈಲಾನ್ ದಾರ ಹಳೆ ಬಟ್ಟೆಯನ್ನು ಕೊಯ್ದುಬಿಡುತ್ತದೆ. ಮನೆಯ ಮಷಿನ್ನಿಗೆ ಕೊಟ್ಟರೆ ಮೇಲಿನ ಪದರವನ್ನು ಮುಂದಕ್ಕೆ ತಳ್ಳಿ ನೆರಿಗೆ ಮಾಡುತ್ತದೆ. ನಾನು ಒಂದು ಕೌದಿ ಕೆಡಿಸಿಯೇ ಕಲಿತದ್ದು.

ಕೊನೆಗೆ ಕಚ್ಚಾ ದಾರ ಬಿಚ್ಚಿ. ಒಗೆದ ಮೇಲೆ ತಂತಿಗೆ ನೇತು ಹಾಕಬೇಡಿ, ನೀರಿನ ಭಾರಕ್ಕೆ ಹೊಲಿಗೆ ಜಗ್ಗುತ್ತದೆ. ತಾರಸಿಯ ಗೋಡೆ ಮೇಲೆ ಹರವಿ.